ಟಾಕೀಸು ಕೆಡವಿ, ಕಡತ ಕೆಡವಬೇಡಿ

ಬೆಂಗಳೂರಿನ ಬಸ್ಸು ಹತ್ತಿದ ಯಾರಿಗೇ ಆಗಲಿ ಮೆಜೆಸ್ಟಿಕ್ ಗೊತ್ತು. ಸರ್ಕಾರ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟಿತು. ಮೆಟ್ರೋ ಬಂದಾಗ ಅದರ ಸ್ಟೇಷನ್ನಿಗೂ ಅದೇ ಹೆಸರಾಯಿತು. ಬೋರ್ಡಿನ ಮೇಲೆ ಏನೇ ಇರಲಿ, ಕಂಡಕ್ಟರ್ ಬಾಯಲ್ಲಿ ಬರೋದು 'ಮೆಜೆಸ್ಟಿಕ್, ಮೆಜೆಸ್ಟಿಕ್' ಅಂತಲೇ. ಅದು ಒಂದು ಟಾಕೀಸಿನ ಹೆಸರು. ಟಾಕೀಸು ಇವತ್ತು ಇಲ್ಲ. ದಿನಕ್ಕೆ ಲಕ್ಷಗಟ್ಟಲೆ ಜನ ಇಲ್ಲದ ಒಂದು ಕಟ್ಟಡದ ಹೆಸರು ಹೇಳಿ ಟಿಕೆಟ್ ತಗೊಳ್ತಾರೆ.

ಸಿಟಿ ಮಾರ್ಕೆಟ್ಟಿನ ಕಡೆ ಬಂದರೆ ಇನ್ನೊಂದು ಕಥೆ. ಅಲ್ಲಿ ದೊಡ್ಡಣ್ಣ ಹಾಲ್ ಇತ್ತು. ಅದೇ ಮುಂದೆ ಪ್ಯಾರಾಮೌಂಟ್ ಟಾಕೀಸು. 1934ರ ಮಾರ್ಚ್ 3ರಂದು ಕನ್ನಡ ಬೆಳ್ಳಿತೆರೆ ಮೊಟ್ಟಮೊದಲು ಮಾತಾಡಿದ್ದು ಅಲ್ಲಿ, 'ಸತಿ ಸುಲೋಚನ' ಚಿತ್ರದ ಮೂಲಕ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ನಾಯಕ, ಆರ್. ನಾಗೇಂದ್ರರಾಯರು ರಾವಣ. ದುಡ್ಡು ಹಾಕಿದವರು ಚಮನ್‌ಲಾಲ್ ಡೂಂಗಾಜಿ ಎಂಬ ವ್ಯಾಪಾರಿ. ಆ ಚಿತ್ರದ ಪ್ರಿಂಟು ಇಂದು ಉಳಿದಿಲ್ಲ. ಅದನ್ನು ತೋರಿಸಿದ ಟಾಕೀಸೂ ಇಲ್ಲ. ಕನ್ನಡ ಸಿನಿಮಾದ ಜನ್ಮಸ್ಥಳ ಎಲ್ಲಿ ಎಂದು ಮಾರ್ಕೆಟ್ಟಿನಲ್ಲಿ ಇಳಿದು ಕೇಳಿ ನೋಡಿ. ಬಾಳೆಹಣ್ಣಿನ ರೇಟು ಹೇಳುತ್ತಾರೆ, ಅಷ್ಟೇ.

ರಾಜಧಾನಿಯ ಗತಿಯೇ ಹೀಗಾದರೆ ಜಿಲ್ಲಾ ಕೇಂದ್ರಗಳ, ತಾಲ್ಲೂಕು ಪಟ್ಟಣಗಳ ಗತಿ ಕೇಳುವುದೇ ಬೇಡ. ಊರಿಗೊಂದು ಟಾಕೀಸು, ಅದರ ಮಗ್ಗುಲಿಗೊಂದು ಬಾರು. ಇದು ಎಲ್ಲ ಕಡೆ ಕಂಡ ಜೋಡಿ. ಸೆಕೆಂಡ್ ಷೋ ಬಿಟ್ಟರೆ ಬಾರಿಗೆ ವ್ಯಾಪಾರ, ಬಾರು ತುಂಬಿದರೆ ಟಾಕೀಸಿಗೆ ಗಲಾಟೆ. ಎರಡನ್ನೂ ನಂಬಿಕೊಂಡು ಬೀಡಾ ಅಂಗಡಿ, ಸೋಡಾ ಗಾಡಿ, ಸೈಕಲ್ ಸ್ಟ್ಯಾಂಡು, ಬೋಂಡಾದವನು. ಈಗ ಅಲ್ಲಿ ಶಾಪಿಂಗ್ ಕಾಂಪ್ಲೆಕ್ಸೋ ಕಲ್ಯಾಣ ಮಂಟಪವೋ ಎದ್ದು ನಿಂತಿದೆ. ಟಾಕೀಸು ಯಾವ ವರ್ಷ ಶುರುವಾಯ್ತು, ಮೊದಲ ಚಿತ್ರ ಯಾವುದು, ಗೇಟು ಯಾವ ಬೀದಿಗೆ ಮುಖ ಮಾಡಿತ್ತು? ಮೂವರನ್ನು ಕೇಳಿದರೆ ಮೂರು ಉತ್ತರ.

'ಹೋದದ್ದು ಹೋಯ್ತು ಸ್ವಾಮಿ, ಅದನ್ನು ಕಟ್ಟಿಕೊಂಡು ಏನಾಗಬೇಕು?' ಎನ್ನುವವರಿದ್ದಾರೆ. ಅವರಿಗಾಗಿಯೇ ಒಬ್ಬ ಕಿರಾಣಿ ವ್ಯಾಪಾರಿಯ ಕಥೆ ಇಲ್ಲಿದೆ. ಅವನೂ ಹೀಗೆ ಒಂದು ಥಿಯೇಟರು ಕಟ್ಟಿದ್ದ. ಅದರ ಮಗ್ಗುಲಲ್ಲೂ ಹೆಂಡದಂಗಡಿ ಇತ್ತು. ಎರಡೂ ನೆಲಸಮವಾಗಿ ಮರೆತೇ ಹೋದವು. ನಾಲ್ಕೂವರೆ ಶತಮಾನ ಕಳೆದ ಮೇಲೆ ಅದರ ಜಾಗ ಸಿಕ್ಕಿತು. ಊರು ಲಂಡನ್.

ಕಿರಾಣಿಯವನ ಥಿಯೇಟರು

ಅವನ ಹೆಸರು ಜಾನ್ ಬ್ರೇನ್. ಲಂಡನ್ನಿನ ಕಿರಾಣಿ ವರ್ತಕರ ಸಂಘದ ಸದಸ್ಯ. 1567ರಲ್ಲಿ ಅವನಿಗೆ ನಾಟಕದ ಹುಚ್ಚು ಹತ್ತಿತು. ಆಗ ಷೇಕ್ಸ್‌ಪಿಯರ್ ಇನ್ನೂ ಮೂರು ವರ್ಷದ ಕೂಸು. ನಾಟಕದವರು ಛತ್ರಗಳ ಅಂಗಳದಲ್ಲೋ ದೊಡ್ಡ ಮನೆಗಳ ಹಜಾರದಲ್ಲೋ ಆಡುತ್ತಿದ್ದ ಕಾಲ. ನಾಟಕಕ್ಕೆಂದೇ ಒಂದು ಜಾಗ ಕಟ್ಟಿ, ಜನರಿಂದ ಕಾಸು ಪಡೆದು ಒಳಗೆ ಬಿಡಬೇಕೆಂಬ ಯೋಚನೆ ಈ ವ್ಯಾಪಾರಿಗೆ ಬಂತು. ಲಂಡನ್ ಕೋಟೆಯ ಹೊರಗೆ ಪೂರ್ವಕ್ಕೆ ವೈಟ್‌ಚಾಪೆಲ್ ಎಂಬಲ್ಲಿ 'ರೆಡ್ ಲಯನ್' ಅಂದರೆ ಕೆಂಪು ಸಿಂಹ ಎಂಬ ಹೆಸರಿನ ತೋಟದ ಮನೆ ಇತ್ತು. ಅದರ ಅಂಗಳದಲ್ಲಿ ರಂಗಮಂಚ, ಸುತ್ತ ಜನ ಕೂರಲು ಮರದ ಅಟ್ಟಣಿಗೆ ಕಟ್ಟಿಸಲು ಬಡಗಿಗಳನ್ನು ಕರೆಸಿದ.

ಇಲ್ಲಿಂದ ಮುಂದಿನದು ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ಕಥೆ. ಕೆಲಸ ಸರಿಯಿಲ್ಲ ಎಂದ ಯಜಮಾನ, ದುಡ್ಡು ಕೊಡು ಎಂದ ಬಡಗಿ. ವಿಲಿಯಂ ಸಿಲ್ವೆಸ್ಟರ್ ಎಂಬ ಬಡಗಿಯ ಜೊತೆ ಜಗಳ ಬಿತ್ತು. ಪಂಚಾಯ್ತಿ ಬಡಗಿಗಳ ಸಂಘದ ಮುಂದೆ ಬಂತು. 1567ರ ಜುಲೈ 15ರಂದು ಸಂಘದವರು ತೀರ್ಮಾನ ಬರೆದರು: ತಿಳಿದವರು ಹೋಗಿ ಅಟ್ಟಣಿಗೆ ನೋಡಬೇಕು, ಲೋಪ ಇದ್ದರೆ ಬಡಗಿ ಸರಿ ಮಾಡಬೇಕು, ಅಲ್ಲಿ 'ಸ್ಯಾಮ್ಸನ್ನನ ಕಥೆ' ಎಂಬ ನಾಟಕ ಒಂದು ಸಲ ಆದ ಮೇಲೆ ಬ್ರೇನ್ 8 ಪೌಂಡು 10 ಷಿಲಿಂಗು ಕೊಡಬೇಕು. ಮೊದಲು ನಾಟಕ, ಆಮೇಲೆ ಬಾಕಿ. ವ್ಯಾಪಾರಸ್ಥರ ನ್ಯಾಯ ಎಂದರೆ ಇದು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 1569ರಲ್ಲಿ ಜಾನ್ ರೆನಾಲ್ಡ್ಸ್ ಎಂಬ ಇನ್ನೊಬ್ಬ ಬಡಗಿಯ ಮೇಲೆ ಬ್ರೇನ್ ರಾಜನ್ಯಾಯಾಲಯದ ಮೆಟ್ಟಿಲು ಹತ್ತಿದ. ಕರಾರಿನಂತೆ ಕಟ್ಟಿಲ್ಲ ಎಂಬ ದೂರು. ಕರಾರು ಏನಿತ್ತು ಎಂದು ಕೋರ್ಟಿನ ಗುಮಾಸ್ತ ಬರೆದುಕೊಂಡ. ರಂಗಮಂಚ ಒಂದು ಕಡೆ 40 ಅಡಿ, ಇನ್ನೊಂದು ಕಡೆ 30 ಅಡಿ. ನೆಲದಿಂದ 5 ಅಡಿ ಎತ್ತರ. ಜೊತೆಗೆ 30 ಅಡಿಯ ಒಂದು ಗೋಪುರ. ಗುಮಾಸ್ತನಿಗೆ ಅದು ದಿನದ ಕೆಲಸ. ಬರೆದ, ಕಟ್ಟು ಕಟ್ಟಿ ಕಪಾಟಿಗೆ ಹಾಕಿದ.

ಕಪಾಟಿನಿಂದ ಹೊರಗೆ

ಆ ಕಟ್ಟು ಕಪಾಟಿನಲ್ಲೇ ಉಳಿಯಿತು. ರಾಜರು ಬದಲಾದರು. 1649ರಲ್ಲಿ ಒಬ್ಬ ರಾಜನ ತಲೆಯೂ ಹೋಯಿತು. 1666ರಲ್ಲಿ ಲಂಡನ್ ಊರೇ ಉರಿಯಿತು. ಆದರೂ ಕಾಗದ ಉಳಿಯಿತು. 1983ರಲ್ಲಿ ಜಾನೆಟ್ ಲೋಯನ್‌ಗಾರ್ಡ್ ಎಂಬ ವಿದ್ವಾಂಸೆ ಈ ಎರಡನೇ ವ್ಯಾಜ್ಯದ ದಾಖಲೆಯನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ರೆಡ್ ಲಯನ್ ಎಂದರೆ ಯಾವುದೋ ಛತ್ರದ ಅಂಗಳ ಎಂದುಕೊಂಡಿದ್ದವರೇ ಹೆಚ್ಚು. ಅಡಿ ಅಂಗುಲದ ಲೆಕ್ಕ ಕಂಡ ಮೇಲೆ ಗೊತ್ತಾಯಿತು, ಇದು ನಾಟಕಕ್ಕೆಂದೇ ಕಟ್ಟಿಸಿದ ಥಿಯೇಟರು. ಆ ಕಾಲದ ಲಂಡನ್ನಿನಲ್ಲಿ ಈವರೆಗೆ ತಿಳಿದವುಗಳಲ್ಲಿ ಮೊದಲನೆಯದು.

ಅಳತೆ ಸಿಕ್ಕಿತು, ಜಾಗ? ಅದಕ್ಕೆ ಇನ್ನೂ 36 ವರ್ಷ ಕಾಯಬೇಕಾಯಿತು. 2019ರ ಜನವರಿಯಲ್ಲಿ ವೈಟ್‌ಚಾಪೆಲ್‌ನ ಸ್ಟೆಪ್ನಿ ವೇ ಎಂಬ ರಸ್ತೆಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುವ ಮೊದಲು ಲಂಡನ್ ಯೂನಿವರ್ಸಿಟಿ ಕಾಲೇಜಿನ ಪುರಾತತ್ವ ತಂಡ ನೆಲ ಅಗೆದು ನೋಡಿತು. ಮಣ್ಣಿನಡಿ ಆಯತಾಕಾರದ ಮರದ ಚೌಕಟ್ಟು ಇತ್ತು. 144 ಮರದ ತುಂಡುಗಳು ಉಳಿದಿದ್ದವು. ಟೇಪು ಹಿಡಿದು ಅಳೆದರು. 12.27 ಮೀಟರ್ ಉದ್ದ, 9.27 ಮೀಟರ್ ಅಗಲ. 40 ಅಡಿ ಎಂದರೆ 12.19 ಮೀಟರ್, 30 ಅಡಿ ಎಂದರೆ 9.14 ಮೀಟರ್. ಕೋರ್ಟಿನ ಗುಮಾಸ್ತ ಬರೆದ ಅಳತೆಗೂ ಮಣ್ಣಿನಲ್ಲಿ ಸಿಕ್ಕ ಅಳತೆಗೂ ವ್ಯತ್ಯಾಸ ಒಂದು ಗೇಣೂ ಇಲ್ಲ!

ಪಕ್ಕದಲ್ಲೇ ಹೆಂಡದಂಗಡಿಯ ಕುರುಹುಗಳು ಇದ್ದವು. ಬಿಯರ್ ಇಡುವ ನೆಲಮಾಳಿಗೆಗಳು, ಪೀಪಾಯಿ ಕೂರಿಸುವ ಗುಳಿಗಳು, ಸೀಸೆಗಳು, ಕುಡಿಯುವ ಮಗ್ಗುಗಳು. ಥಿಯೇಟರು ಹೋದ ಮೇಲೂ ರೆಡ್ ಲಯನ್ ಹೆಸರಿನ ಪಬ್ಬು ಅಲ್ಲಿ ಬಹಳ ಕಾಲ ನಡೆಯಿತು. ನಾಯಿಗಳ ಎಲುಬೂ ಸಿಕ್ಕಿವೆ. ನಾಟಕ ಇಲ್ಲದ ದಿನ ಪ್ರಾಣಿ ಕಾಳಗ ನಡೆಸಿ ದುಡ್ಡು ಮಾಡುತ್ತಿದ್ದರೇನೋ ಎಂಬುದು ತಜ್ಞರ ಅನುಮಾನ. ಈ ಎಲ್ಲವನ್ನೂ 2020ರ ಜೂನ್‌ನಲ್ಲಿ ಜಗತ್ತಿಗೆ ತಿಳಿಸಿದರು. ಬೋರ್ಡು ಸಿಕ್ಕಿಲ್ಲವಾದ್ದರಿಂದ ಶೇಕಡಾ ನೂರು ಇದೇ ಎಂದು ಯಾರೂ ಪ್ರಮಾಣ ಮಾಡುವಂತಿಲ್ಲ. ಆದರೆ ಜಾಗ, ಕಾಲ, ಅಳತೆ ಮೂರೂ ಕೂಡಿ ಬಂದಿವೆ. ಬರೀ ಮರ ಸಿಕ್ಕಿದ್ದರೆ ಯಾವುದೋ ಕೊಟ್ಟಿಗೆ ಎಂದು ಮುಚ್ಚುತ್ತಿದ್ದರೋ ಏನೋ. ಅದು ಥಿಯೇಟರು ಎಂದು ಹೇಳಿದ್ದು ಆ ಎರಡು ಜಗಳದ ಕಾಗದ.

ಕೈ ಸುಟ್ಟುಕೊಂಡ ಬ್ರೇನ್

ಬ್ರೇನ್ ಅಷ್ಟಕ್ಕೇ ಬಿಡಲಿಲ್ಲ. 1576ರಲ್ಲಿ ತಂಗಿಯ ಗಂಡ ಜೇಮ್ಸ್ ಬರ್ಬೇಜ್ ಜೊತೆ ಸೇರಿ ಷೋರ್‌ಡಿಚ್ ಎಂಬಲ್ಲಿ ಇನ್ನೊಂದು ಥಿಯೇಟರು ಎಬ್ಬಿಸಿದ. ಅದರ ಹೆಸರೇ 'ದಿ ಥಿಯೇಟರ್'. ಬರ್ಬೇಜ್ ಮೊದಲು ಬಡಗಿ, ಆಮೇಲೆ ನಟ. ಅವನ ಬಳಿ ದುಡ್ಡಿಲ್ಲ, ಬ್ರೇನ್ ಬಳಿ ಇತ್ತು. ಇದ್ದದ್ದೆಲ್ಲ ಅದಕ್ಕೇ ಸುರಿದ. ಕೂಲಿ ಉಳಿಸಲು ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಆ ಕಟ್ಟಡದಲ್ಲಿ ಮೈಮುರಿದು ದುಡಿದರು ಎಂದು ಮುಂದೆ ಕೋರ್ಟಿನಲ್ಲಿ ಸಾಕ್ಷಿ ಬಂದಿದೆ. ಪಾಲಿನ ಜಗಳ ಹತ್ತಿತು. ಬ್ರೇನ್ ಸಾಲಗಾರನಾದ. 1586ರಲ್ಲಿ ಸತ್ತ.

ವಿಧವೆ ಮಾರ್ಗರೆಟ್ ಸುಮ್ಮನೆ ಕೂರಲಿಲ್ಲ, ಪಾಲಿಗಾಗಿ ದಾವೆ ಹಾಕಿದಳು. 1590ರಲ್ಲಿ ಕೋರ್ಟಿನ ಆದೇಶ ಹಿಡಿದು ಥಿಯೇಟರಿನ ಬಾಗಿಲಿಗೆ ಹೋದಾಗ ಬರ್ಬೇಜ್ ಕುಟುಂಬದವರು ಬೈದು ಅಟ್ಟಿದರು. ಮಗ ರಿಚರ್ಡ್ ಕೈಯಲ್ಲಿ ಪೊರಕೆಯ ಕೋಲಿತ್ತು. ಇದೇ ರಿಚರ್ಡ್ ಬರ್ಬೇಜ್ ಮುಂದೆ ಷೇಕ್ಸ್‌ಪಿಯರನ ನಾಟಕಗಳಲ್ಲಿ ಹ್ಯಾಮ್ಲೆಟ್ ಪಾತ್ರ ಮಾಡಿ ಹೆಸರಾದವನು. ಗಲ್ಲಾಪೆಟ್ಟಿಗೆಯ ಮುಂದಿನ ಈ ರಾದ್ಧಾಂತವೂ ಕೋರ್ಟಿನ ಕಾಗದದಲ್ಲಿ ಉಳಿದಿದೆ.

1598ರ ಡಿಸೆಂಬರ್ ಕೊನೆಯಲ್ಲಿ ಜಮೀನಿನ ಮಾಲೀಕನ ಜೊತೆ ಗುತ್ತಿಗೆ ತಕರಾರು ಬಂದು ಬರ್ಬೇಜ್ ಮಕ್ಕಳು ಆ ಥಿಯೇಟರನ್ನು ಬಿಚ್ಚಿಸಿದರು. ಅದರ ಮರ 1599ರಲ್ಲಿ ಥೇಮ್ಸ್ ನದಿಯ ಆಚೆ ದಡದಲ್ಲಿ ಗ್ಲೋಬ್ ಥಿಯೇಟರು ಆಯಿತು. ಷೇಕ್ಸ್‌ಪಿಯರ್ ಎಂದ ಕೂಡಲೇ ಲೋಕ ನೆನೆಯುವುದು ಆ ಗ್ಲೋಬನ್ನು. ಅದರ ತೊಲೆಗಳಲ್ಲಿ ಒಬ್ಬ ಕಿರಾಣಿಯವನ ದುಡ್ಡು, ಅವನ ಹೆಂಡತಿಯ ಬೆವರು ಇತ್ತು. ಕಡತ ಇರದಿದ್ದರೆ ಇದು ಯಾರಿಗೆ ಗೊತ್ತಾಗುತ್ತಿತ್ತು? ಬ್ರೇನನಿಗೆ ಲಾಭ ಬರಲಿಲ್ಲ, ಪಾಲು ಸಿಗಲಿಲ್ಲ. ಹೆಸರೊಂದು ಉಳಿಯಿತು. ಅದನ್ನು ಉಳಿಸಿದ್ದು ಅವನ ಜಗಳಗಳೇ.

ಕಾನೂನು ಹುಟ್ಟಿದ್ದು ಗಲಾಟೆಯಿಂದ

ಲಂಡನ್ನಿನವರು ಹುಟ್ಟಾ ಬುದ್ಧಿವಂತರು ಎಂದು ಯಾರೂ ಭಾವಿಸಬೇಕಿಲ್ಲ. 1989ರಲ್ಲಿ ಅಲ್ಲಿ 'ರೋಸ್' ಎಂಬ ಅದೇ ಕಾಲದ ಇನ್ನೊಂದು ಥಿಯೇಟರಿನ ಪಾಯ ಕಂಡಾಗ ಅದರ ಮೇಲೆ ಆಫೀಸು ಕಟ್ಟಡ ಏರಿಸಲು ಹೊರಟಿದ್ದರು. ನಟರು, ಸಾರ್ವಜನಿಕರು ಬೀದಿಗೆ ಇಳಿದು ಅಡ್ಡ ನಿಂತರು. ಕೊನೆಗೆ ಪಾಯವನ್ನು ಕಾಪಾಡಿಕೊಂಡು ಅದರ ಮೇಲೆ ಕಟ್ಟಡ ನಿಲ್ಲಿಸಿದರು. ಮರುವರ್ಷ 1990ರಲ್ಲಿ ಇಂಗ್ಲೆಂಡ್ ಸರ್ಕಾರ ಹೊಸ ಮಾರ್ಗಸೂಚಿ ತಂದಿತು: ಹಳೆಯ ಕುರುಹು ಇರಬಹುದಾದ ಜಾಗದಲ್ಲಿ ಕಟ್ಟುವವನು ಮೊದಲು ನೆಲ ಪರೀಕ್ಷೆ ಮಾಡಿಸಬೇಕು. ಆ ಬಳಿಕವೇ 2008ರಲ್ಲಿ 'ದಿ ಥಿಯೇಟರ್' ಪಾಯ ಸಿಕ್ಕಿದ್ದು, 2012ರಲ್ಲಿ 'ಕರ್ಟನ್' ಥಿಯೇಟರಿನ ಅವಶೇಷ ಒಂದು ಪಬ್ಬಿನ ಹಿಂದುಗಡೆ ಸಿಕ್ಕಿದ ಸುದ್ದಿ ಬಂದಿದ್ದು. ಕರ್ಟನ್ ದುಂಡಗೆ ಇತ್ತು ಎಂದು ಪಂಡಿತರು ನಂಬಿದ್ದರು. 2016ರಲ್ಲಿ ಪೂರ್ತಿ ಅಗೆದಾಗ ಅದು ಉದ್ದ ಚೌಕ! ಅಂದಾಜು ಎಂಬುದು ಎಷ್ಟು ದೊಡ್ಡವರನ್ನೂ ದಾರಿ ತಪ್ಪಿಸುತ್ತದೆ.

ಈ ಕಡೆ ನೋಡೋಣ

ಕರ್ನಾಟಕದ ಟಾಕೀಸುಗಳು ಮಣ್ಣಿನಡಿ ಹೂತು ಹೋದವಲ್ಲ. ನಿನ್ನೆ ಮೊನ್ನೆ ಹೋದವು. ಬೆಂಗಳೂರಿನ ಕಪಾಲಿ 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿತು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಮೆಟ್ರೋಗೆ ಜಾಗ ಬಿಟ್ಟಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಿಂದ 50 ವರ್ಷ ನಡೆದು 2024ರಲ್ಲಿ ನಿಂತಿತು. ಮಾಲೀಕರನ್ನು ದೂರಿ ಫಲವಿಲ್ಲ. ಸೀಟು ಖಾಲಿ, ಕರೆಂಟ್ ಬಿಲ್ಲು ಭರ್ತಿ. ಅವರೇನು ಊರಿನ ನೆನಪಿಗಾಗಿ ಸಾಲ ಮಾಡಬೇಕೆ? ಕೆಡವುವ ಹಕ್ಕು ಅವರಿಗಿದೆ. ಕೆಡವಲಿ.

ಆದರೆ ಕಡತ ಅವರೊಬ್ಬರದಲ್ಲ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಜಿಲ್ಲೆಗಳಲ್ಲಿ ಟಾಕೀಸಿಗೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು, ಅಂದರೆ ಡಿ.ಸಿ. ಸಾಹೇಬರದು. ಲೈಸೆನ್ಸಿಗೆ ನಕ್ಷೆ ಬೇಕು. ಬಾಗಿಲು ಎಷ್ಟು, ಸೀಟು ಎಷ್ಟು, ಪ್ರೊಜೆಕ್ಟರ್ ಕೋಣೆ ಎಲ್ಲಿ ಎಂಬ ಅಳತೆ ಬೇಕು. ಬಾರಿನ ಲೈಸೆನ್ಸು ಅಬಕಾರಿಯವರ ಲೆಕ್ಕ. ಜಾಗದ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯದು, ಕಂದಾಯ ಪುರಸಭೆಯದು. ಟಿಕೆಟ್ಟಿನ ಮೇಲಿನ ಮನರಂಜನಾ ತೆರಿಗೆಯ ಲೆಕ್ಕ ವಾಣಿಜ್ಯ ತೆರಿಗೆಯವರದು. ಆ ತೆರಿಗೆ 2017ರ ಜುಲೈ 1ರಿಂದ ಜಿ.ಎಸ್.ಟಿ.ಯಲ್ಲಿ ಕರಗಿತು. ತೆರಿಗೆ ಕರಗಿದ ಮೇಲೆ ಅದರ ಹಳೇ ಲೆಡ್ಜರು ಯಾರಿಗೆ ಬೇಕು? ಕೋಣೆ ಖಾಲಿ ಮಾಡುವ ದಿನ ಮೊದಲು ರದ್ದಿಗೆ ಹೋಗುವುದು ಇಂಥ ಪುಸ್ತಕವೇ. ಬ್ರೇನನ ಕಾಗದದಷ್ಟೇ ಬೆಲೆ ಅದಕ್ಕೂ ಇದೆ ಎಂದು ಗುಜರಿಯವನಿಗೆ ಗೊತ್ತಿಲ್ಲ. ಸಾಹೇಬರಿಗಾದರೂ ಗೊತ್ತಿರಬೇಕು.

'ಟಾಕೀಸು ಸರಿ, ಬಾರಿಗೂ ಇತಿಹಾಸವೇ?' ಎಂದು ಮೂಗು ಮುರಿಯುವವರು ಉಂಟು. ರೆಡ್ ಲಯನ್ನಿನ ಮಗ್ಗು, ಸೀಸೆಗಳನ್ನು ಮಣ್ಣು ಒರೆಸಿ ಜೋಪಾನ ಮಾಡಿದವರು ಕುಡುಕರಲ್ಲ, ವಿದ್ವಾಂಸರು. ಹಮಾಲರು, ಲಾರಿ ಡ್ರೈವರುಗಳು, ಸಂತೆ ಮುಗಿಸಿ ಬಂದ ಸಣ್ಣ ವ್ಯಾಪಾರಿಗಳು ಕೂತು ಎದ್ದ ಜಾಗ ಅದು. ದೊಡ್ಡವರ ಮನೆಗೆ ವಂಶವೃಕ್ಷ ಇರುತ್ತದೆ. ಗೇಟ್‌ಕೀಪರಿಗೆ, ಪ್ರೊಜೆಕ್ಟರ್ ಆಪರೇಟರಿಗೆ, ಕಟೌಟು ಬರೆದ ಪೇಂಟರಿಗೆ ಯಾವ ವೃಕ್ಷ? ಅವರ ಹೆಸರು ಇದ್ದರೆ ಸಂಬಳದ ಪುಸ್ತಕದಲ್ಲಿ ಇರಬೇಕು. ಆ ಪುಸ್ತಕ ಹೋದರೆ ಅವರು ಇದ್ದೇ ಇರಲಿಲ್ಲ ಎಂದ ಹಾಗೆ.

ಕೋಟಿ ರೂಪಾಯಿಯ ಯೋಜನೆ ಯಾರೂ ಕೇಳುತ್ತಿಲ್ಲ. ನಾಲ್ಕು ಕೆಲಸ ಸಾಕು.

ಒಂದು, ಟಾಕೀಸೋ ಹಳೇ ಹೋಟೆಲೋ ಬಾರೋ ಕೆಡವಲು ಅರ್ಜಿ ಬಂದಾಗ ನಾಲ್ಕೂ ದಿಕ್ಕಿನ ಫೋಟೋ ಮತ್ತು ಅಳತೆಯ ನಕ್ಷೆ ಕೊಡಬೇಕೆಂದು ಪುರಸಭೆ, ನಗರಸಭೆಗಳು ಷರತ್ತು ಹಾಕಲಿ. ಮೊಬೈಲು ಎಲ್ಲರ ಕೈಯಲ್ಲಿದೆ, ಅರ್ಧ ದಿನದ ಕೆಲಸ.

ಎರಡು, ಮುಚ್ಚಿದ ಟಾಕೀಸುಗಳ ಲೈಸೆನ್ಸ್ ಕಡತ, ಅಬಕಾರಿಯ ಹಳೇ ರಿಜಿಸ್ಟರು ನಾಶದ ಪಟ್ಟಿಗೆ ಸೇರುವ ಮೊದಲು ರಾಜ್ಯ ಪತ್ರಾಗಾರ ಇಲಾಖೆಯವರು ಒಮ್ಮೆ ಕಣ್ಣಾಡಿಸಲಿ. ಡಿ.ಸಿ. ಕಚೇರಿಯಿಂದ ಒಂದು ಪತ್ರ ಹೋದರೆ ಆಗುವ ಕೆಲಸ.

ಮೂರು, ಅಂಗಡಿಯವರು ಅಟ್ಟದ ಮೇಲಿನ ಟ್ರಂಕು ತೆಗೆಯಲಿ. ಟಾಕೀಸಿಗೆ ಸೋಡಾ ಸಪ್ಲೈ ಮಾಡಿದ ಬಿಲ್ ಬುಕ್ಕು, ಅಂಗಡಿ ಬಾಡಿಗೆಯ ರಸೀದಿ, ಚಿತ್ರದ ಹ್ಯಾಂಡ್‌ಬಿಲ್ಲು, ಬಾರಿನ ಕ್ಯಾಲೆಂಡರು, ಉದ್ಘಾಟನೆಯ ಆಹ್ವಾನ ಪತ್ರಿಕೆ ಏನಿದ್ದರೂ ಜಿಲ್ಲಾ ಗ್ರಂಥಾಲಯಕ್ಕೆ ನಕಲು ಕೊಡಲಿ, ಅಸಲು ಅವರಲ್ಲೇ ಇರಲಿ. ಬೇರೆ ದಾಖಲೆ ಬೇಕಿದ್ದವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಲಿ. 30 ದಿನದಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು.

ನಾಲ್ಕು, ಎದ್ದು ನಿಂತ ಹೊಸ ಕಾಂಪ್ಲೆಕ್ಸಿನ ಗೋಡೆಗೆ ಒಂದು ಚಿಕ್ಕ ಕಲ್ಲು: ಇಲ್ಲಿ ಇಂಥ ಟಾಕೀಸು ಇತ್ತು, ಇಂಥ ವರ್ಷದಿಂದ ಇಂಥ ವರ್ಷದವರೆಗೆ. ಬಸ್ಸಿಗೆ ಕಾಯುವವರು ಓದಿಕೊಳ್ಳುತ್ತಾರೆ. ಸಿಟಿ ಮಾರ್ಕೆಟ್ಟಿನಿಂದಲೇ ಶುರುವಾದರೆ ಇನ್ನೂ ಚೆನ್ನ.

ಲಂಡನ್ನಿನ ಗುಮಾಸ್ತನಿಗೆ ತಾನು ಚರಿತ್ರೆ ಬರೆಯುತ್ತಿದ್ದೇನೆ ಎಂಬ ಕಲ್ಪನೆ ಇರಲಿಲ್ಲ. 40 ಅಡಿ, 30 ಅಡಿ ಎಂದು ನೆಟ್ಟಗೆ ಬರೆದ. ಅವನ ನಂತರ ಬಂದವರು ಅದನ್ನು ಎಸೆಯಲಿಲ್ಲ. ಇಷ್ಟೇ ಅಲ್ಲಿ ನಡೆದ ಪವಾಡ. ಜಿಲ್ಲೆಯ ಗುಮಾಸ್ತರೂ ಅಂಥದ್ದೇ ಅಳತೆಗಳನ್ನು ಬರೆದಿಟ್ಟಿದ್ದಾರೆ. ಎಸೆಯದೆ ಇರುವುದು ಮೇಲಿನವರ ಕೈಯಲ್ಲಿದೆ. ಮುಂದಿನ ಸಲ ರೆಕಾರ್ಡ್ ರೂಮಿನ ಬಾಗಿಲಿಗೆ ಗುಜರಿ ಗಾಡಿ ಬಂದು ನಿಂತಾಗ ಸಂಬಂಧಪಟ್ಟವರು ಒಂದು ನಿಮಿಷ ಕಟ್ಟು ಬಿಚ್ಚಿ ನೋಡಲಿ.